ಬಿ-ಎರಡರಲ್ಲಿ ಬರೆದದ್ದು

ಜೂನ್ ಒಂದರಿಂದ ಕಡಲಿಗೆ ರಜೆ.
ಬಂದರಿನ ನಮ್ಮ ಐಸ್ ಪ್ಲಾಂಟಿನಲ್ಲಿ ಗಡ್ಡೆ ಪುಡಿಯಾಗುವ ಸದ್ದಿಲ್ಲ,
ಅಮೋನಿಯದ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿಲ್ಲ.
ಆಗಸ್ಟಿನ ಲೆಕ್ಕ ಈಗಲೇ ತಯಾರಾಗಬೇಕು:
ನೂರಹದಿನಾಲ್ಕು ಬೋಟು, ನೂರಹದಿನಾಲ್ಕು ಹಾಳೆ,
ಪರದೆಯ ಬುಡದಲ್ಲಿ ಸಾಲಾಗಿ
ಶೀಟ್ ಒಂದು, ಶೀಟ್ ಎರಡು, ಶೀಟ್ ಮೂರು.

ಹೋದ ವರ್ಷದವರೆಗೆ ಒಂದೊಂದನ್ನೂ ಎರಡು ಸಲ ಒತ್ತಿ
ಕೈಯಾರೆ ಹೆಸರಿಡುತ್ತಿದ್ದೆ.
ಎಪ್ಪತ್ತರ ಹೊತ್ತಿಗೆ ಬೆರಳು ಮರಗಟ್ಟಿ
ಸಾಗರದೀಪದ ಐಸನ್ನು ಸಾಗರರಾಣಿಗೆ ಬರೆದು
ಲೋಕು ಕುಂದರ್ ಅವರ ಬಾಯಿಂದ
ಬರೆಯಲಾಗದ ಎಂಟು ಶಬ್ದ ಕೇಳಿದ್ದೆ, ತುಳುವಿನಲ್ಲಿ.

ಈ ಸಲ ಮ್ಯಾಕ್ರೋ.
ಕಂಕನಾಡಿಯ ಜೆಸಿಂತಾ ಫೋನಿನಲ್ಲೇ ಹೇಳಿಕೊಟ್ಟಳು,
ಅತ್ತ ಅವಳ ಸನ್ನ ಬೇಯುವ ತನಕ:
"ಪ್ರತಿ ಹಾಳೆಗೂ ಹೋಗು ಅಂತ ಹೇಳು ಅದಕ್ಕೆ.
ಬಿ-ಎರಡರಲ್ಲಿ ಏನುಂಟೋ ಅದೇ ಹೆಸರು.
ಇಷ್ಟೇ ಮಾರಾಯ್ತಿ."

ಇಷ್ಟೇ ಇರಲಿಲ್ಲ.

ಎಫ್-ಐದು ಒತ್ತಿದೆ. ಬೂತಾಯಿ ಹಿಂಡು ಮಗ್ಗುಲು ತಿರುಗಿದ ಹಾಗೆ
ಹೆಸರುಗಳು ಮಿಂಚಿದವು, ಮಿಂಚಿ
ಹದಿನೇಳರಲ್ಲಿ ನಿಂತವು.
ಶ್ರೀ ದುರ್ಗಾಪರಮೇಶ್ವರಿ ಮತ್ಸ್ಯಲಕ್ಷ್ಮಿ ಉದ್ದವಾಯಿತಂತೆ.
ಮೂವತ್ತೊಂದರ ಮೇಲೆ ಹತ್ತಿಸುವುದಿಲ್ಲವಂತೆ.
ನನ್ನ ಲೆಕ್ಕಕ್ಕೆ ಹನ್ನೆರಡೇ ಅಕ್ಷರ.
ಅದು ಕೊಂಬನ್ನೂ ಎಣಿಸುತ್ತದೆ, ದೀರ್ಘವನ್ನೂ,
ಒತ್ತಿನೊಳಗೆ ಅಡಗಿ ಕೂತ ಹಲಂತವನ್ನೂ,
ಮಡಿಲ ಕೂಸಿಗೂ ಟಿಕೆಟ್ ಹರಿಯುವ
ಸಿಟಿ ಬಸ್ಸಿನ ಕಂಡಕ್ಟರನ ಹಾಗೆ.
ಎಡದಿಂದ ಮೂವತ್ತೊಂದು ಸಾಕು ಎಂದು ಬರೆದೆ.
ಲಕ್ಷ್ಮಿ ಲಕ್ಷವಾದಳು.
ಮತ್ಸ್ಯಲಕ್ಷ. ಧಣಿಗೆ ತೋರಿಸಿದರೆ
"ಹೀಗೇ ಇರಲಿ, ಒಳ್ಳೆಯದೇ ಅಲ್ವಾ" ಎಂದರು.

ನಲವತ್ತರಲ್ಲಿ ಮತ್ತೆ.
ಮತ್ಸ್ಯಗಂಧಿ ಎರಡುಂಟು, ಬೆಂಗ್ರೆಯದೊಂದು, ತಣ್ಣೀರುಬಾವಿಯದೊಂದು.
ಒಂದೇ ಹೆಸರನ್ನು ಎರಡು ಸಲ ಒಪ್ಪುವುದಿಲ್ಲ ಅದು.
ದಕ್ಕೆಯಲ್ಲಿ ಯಾರಿಗೂ ಗೊಂದಲವಿಲ್ಲ:
ಒಂದರ ಇಂಜಿನಿಗೆ ಕೆಮ್ಮು.
ಹಾಗೆಯೇ ಬರೆದೆ, ಕೆಮ್ಮುವ ಮತ್ಸ್ಯಗಂಧಿ,
ಬಿಲ್ಲಿನ ತಲೆಗೂ ಅದೇ ಹೋಗುತ್ತದೆಂದು ನೆನಪಾಗದೆ.

ತೊಂಬತ್ತಮೂರರಲ್ಲಿ ಸಾವಿರದ ನಾಲ್ಕು ಎಂಬ ತಪ್ಪು.
ಬಿ-ಎರಡು ಖಾಲಿ.
ಮೋನಪ್ಪ ತಿಂಗಳಾಯರು ಮಾರಿದ ಬೋಟು;
ಕೊಂಡವರು ಮೂವರು ಅಣ್ಣತಮ್ಮಂದಿರು,
ಹೆಸರಿನ ಮಾತು ಇನ್ನೂ ಹರಿದಿಲ್ಲ.
ಮಳೆ ನಿಂತ ಒಂದು ಗಳಿಗೆಯಲ್ಲಿ ಕೊಡೆ ಹಿಡಿದು ಹೋದೆ.

ಟಾರ್ಪಾಲಿನ ಕೆಳಗೆ ಮೂತಿಯಿಂದ ಇಳಿಬಿಟ್ಟ ಹಲಗೆಯಲ್ಲಿ
ಪೈಂಟರ್ ಗಂಗಯ್ಯ ಪುತ್ರನ್ ಬೀಡಿ ಸೇದುತ್ತಿದ್ದರು.
"ಹೆಸರು?"
"ಬಂದರೆ ಬರೆಯುವ."
ಹೊಸ ಪ್ರೈಮರಿನಡಿ ಹಳೆಯದು
ಗಾಯದ ಕಲೆಯಂತೆ ಉಬ್ಬಿಕೊಂಡಿತ್ತು,
ಬೆರಳಿಟ್ಟರೆ ಓದಬಹುದಿತ್ತು.
ಅದರ ಹೆಸರಿಗೆ ಇನ್ನೂ ಅರುವತ್ತೆರಡು ಬ್ಲಾಕಿನ ಬಾಕಿ.
ಹೊಸ ಹೆಸರು ಹಾಕಿದರೆ ಆ ಬಾಕಿ ಯಾರದ್ದು?
ಮ್ಯಾಕ್ರೋ ಕೇಳುವುದಿಲ್ಲ. ನಾನು ಕೇಳಬೇಕು.
ನಿಮ್ಮ ಹಲಗೆ ಮುಗಿದರೆ ಏನು ಮಾಡುತ್ತೀರಿ
ಎಂದು ಅವರನ್ನು ಕೇಳಿದೆ.
"ಅಕ್ಷರ ಸಣ್ಣ ಮಾಡ್ತೇನೆ.
ಒತ್ತು ಕೊಯ್ಯುವ ಪಾಪ ಯಾಕೆ?"
ಬೀಡಿ ನೀರಿಗೆ ಹಾಕಿದರು. ಚುಯ್ ಅಂದಿತು.

ಮರಳಿ ಬಂದು ಖಾಲಿ ಮನೆಯಲ್ಲಿ
ಹೆಸರಿಲ್ಲ ಎಂದು ಬರೆದೆ, ಒತ್ತಿದೆ.
ನೂರಹದಿನಾಲ್ಕೂ ತುಂಬಿದವು.
ಲಕ್ಷ್ಮಿಯ ಮುಂದಿನ ಶ್ರೀಯನ್ನೂ ಅದರಾಚೆಯ ಜಾಗವನ್ನೂ ತೆಗೆದು
ಅವಳನ್ನು ಇಡಿಯಾಗಿ ಒಳಗೆ ಕೂರಿಸಿದೆ,
ಧಣಿಗೆ ಹೇಳಲಿಲ್ಲ.

ಆಗಸ್ಟ್ ಒಂದು. ಬೆಳಗ್ಗಿನ ಜಾವ ನಾಲ್ಕು.
ಮೊದಲು ಐಸ್ ಕೇಳಲು ಬಂದ ಹುಡುಗನ ಕೈಯಲ್ಲಿ
ಕೆಂಪು ಎನಾಮೆಲ್ ಹಸಿಯಾಗಿ ಅಂಟಿತ್ತು.
"ಯಾವ ಬೋಟು?"
ಅವನು ಒಮ್ಮೆ ಹಿಂದೆ ತಿರುಗಿ, ಕತ್ತಲಲ್ಲಿ
ಓದಲು ನೋಡಿದ.